ಬೊಮ್ಮಯ್ಯನ ಎದೆ

ನನ್ನ ಜಾಗಕ್ಕೆ ಬಂದಿರುವ ಹೊಸ ನರ್ಸ್ ಹುಡುಗಿ ಎರಡು ತಿಂಗಳ ಹಿಂದೆ ತಾಳವಾಡಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಇಷ್ಟು ವರ್ಷ ಈ ಹಳ್ಳಿಗಳನ್ನೆಲ್ಲ ಹೇಗೆ ಸುತ್ತಿದಿರಿ ಅಕ್ಕಾ ಎಂದು ಕೇಳಿದಳು. ಚಪ್ಪಲಿ ಸವೆಸಿಕೊಂಡು ಎಂದೆ. ನಕ್ಕಳು. ಅಷ್ಟರಲ್ಲಿ ಅವಳ ಬಸ್ಸು ಬಂತು, ಹತ್ತಿ ಹೋದಳು. ಅವಳು ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡಲಿಲ್ಲವಲ್ಲ ಎಂದು ಮನಸ್ಸು ಕೊರೆಯಿತು. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಲಸಿಕೆ, ಬಸುರಿ-ಬಾಣಂತಿಯರ ಆರೈಕೆ ಇವನ್ನೆಲ್ಲ ತರಬೇತಿಯಲ್ಲೇ ಹೇಳಿಕೊಡುತ್ತಾರೆ. ನಾನು ಹೇಳಬೇಕಾದದ್ದು ವಯಸ್ಸಾದವರ ನಾಡಿಯ ವಿಷಯ. ಅದರಲ್ಲೂ ಜೀವಮಾನವೆಲ್ಲ ನಡೆದು ದುಡಿದವರ ನಾಡಿಯ ವಿಷಯ. ಅದರಲ್ಲಿ ನಾನು ಒಂದು ತಪ್ಪು ಮಾಡಿದ್ದೇನೆ. ಆ ತಪ್ಪಿಗೆ ಒಬ್ಬ ಹೆಂಗಸಿನ ಜೀವ ಹೋಯಿತು ಎಂದೇ ನಾನು ನಂಬಿದ್ದೇನೆ. ಬೇರೆಯದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಮೊದಲು ಬೊಮ್ಮಯ್ಯನ ಕಥೆ. ಈತ ಜೀರಹಳ್ಳಿ ಕಾಡು ಕಾಯುವ ವಾಚರ್ ಆಗಿದ್ದವನು. ಅರವತ್ತು ದಾಟಿತ್ತು. ಬೆಳಗಾದರೆ ಒಂದು ಕತ್ತಿ, ಒಂದು ಬುತ್ತಿ ಹಿಡಿದು ಕಾಡು ಹೊಕ್ಕರೆ ಸಂಜೆಯವರೆಗೆ ಏರು ಇಳಿಜಾರು ಎನ್ನದೆ ನಡೆಯುವುದೇ ಕೆಲಸ. ಕಾಲಿಗೆ ಮುಳ್ಳು ಹೊಕ್ಕು ಕೀವಾಗಿದೆ ಎಂದು ಒಂದು ದಿನ ನಮ್ಮ ಆಸ್ಪತ್ರೆಗೆ ಬಂದ. ಡಾಕ್ಟರಮ್ಮ ಅಂದು ಮೀಟಿಂಗಿಗೆ ಹೋಗಿದ್ದರು. ಮುಳ್ಳು ತೆಗೆದು ಕಟ್ಟು ಕಟ್ಟಿ, ಇರಲಿ ಎಂದು ಕೈ ಹಿಡಿದು ನಾಡಿ ನೋಡಿದೆ. ನಲವತ್ತೆರಡು. ನನ್ನ ವಾಚು ಕೆಟ್ಟಿದೆ ಎಂದುಕೊಂಡು ಗೋಡೆ ಗಡಿಯಾರ ನೋಡಿ ಎಣಿಸಿದೆ. ಮತ್ತೆ ನಲವತ್ತೆರಡು. ನನ್ನ ನಾಡಿ ಮಾತ್ರ ಆಗ ನೂರು ದಾಟಿರಬೇಕು. ಈ ಮನುಷ್ಯ ಇಲ್ಲೇ ನನ್ನ ಕೈಯಲ್ಲೇ ಹೋಗಿಬಿಡುತ್ತಾನೆ ಎಂದು ಹೆದರಿ ಆಂಬ್ಯುಲೆನ್ಸಿಗೆ ಫೋನ್ ಮಾಡಿದೆ.

ಅವನು ಬರುವುದಿಲ್ಲವೆಂದು ಹಟ ಹಿಡಿದ. ಕಾಲಿನ ಮುಳ್ಳಿಗೆ ಸತ್ಯಮಂಗಲದವರೆಗೆ ಯಾಕೆ ಎಂದು ಅವನ ಪ್ರಶ್ನೆ. ಬಲವಂತವಾಗಿ ಮಲಗಿಸಿಕೊಂಡು ಹೊರಟೆವು. ದಿಂಬಂ ಘಾಟಿಯ ತಿರುವುಗಳಲ್ಲಿ ನನಗೆ ಹೊಟ್ಟೆ ತೊಳೆಸಲು ಶುರುವಾಯಿತು. ಹತ್ತನೆಯ ತಿರುವಿಗೆ ವಾಂತಿ. ಆಮೇಲೆ ಎಷ್ಟು ತಿರುವು ಬಂತೋ ನನಗೆ ತಿಳಿಯದು. ಕೊನೆಗೆ ಸೀಟಿನ ಮೇಲೆ ಮಲಗಿದ್ದವಳು ನಾನು, ನನ್ನ ತಲೆ ಹಿಡಿದು ನೀರು ಕುಡಿಸುತ್ತ ಕೂತಿದ್ದವನು ರೋಗಿ. ಆಸ್ಪತ್ರೆ ಬಾಗಿಲಲ್ಲಿ ಸ್ಟ್ರೆಚರ್ ತಂದವರು ನನ್ನನ್ನೇ ಇಳಿಸಲು ಬಂದರು.

ಅಲ್ಲಿದ್ದ ದೊಡ್ಡ ಡಾಕ್ಟರು ತಲೆ ನರೆತವರು, ಮಾತು ಕಡಿಮೆ. ಇಸಿಜಿ ತೆಗೆಸಿ ನೋಡಿದರು. ಆಮೇಲೆ ಬೊಮ್ಮಯ್ಯನನ್ನು ಕಟ್ಟು ಕಟ್ಟಿದ ಕಾಲಲ್ಲೇ ಮಹಡಿಯ ಮೆಟ್ಟಿಲು ಹತ್ತಿ ಇಳಿಯಲು ಹೇಳಿದರು. ಮೂರು ಸಲ. ಬಂದ ತಕ್ಷಣ ಎಣಿಸಿದರು: ತೊಂಬತ್ತರ ಮೇಲೆ. ಸ್ವಲ್ಪ ಹೊತ್ತು ಕೂರಿಸಿ ಎಣಿಸಿದರು: ಮತ್ತೆ ಕೆಳಗಿಳಿದು ಐವತ್ತರ ಹತ್ತಿರ. ನಮ್ಮ ಬೆಟ್ಟದ ಮೇಲೆ ಮಾತು ಕನ್ನಡವಾದರೂ ನಾವಿರುವುದು ತಮಿಳುನಾಡಿನಲ್ಲಿ; ಅವರು ನನಗೆ ತಮಿಳಿನಲ್ಲಿ ವಿವರಿಸಿದರು. ವಯಸ್ಸಾಗುತ್ತ ಬಂದ ಹಾಗೆ ಹೃದಯದ ಗೋಡೆ ಗಡುಸಾಗುತ್ತದೆ, ರಕ್ತ ತುಂಬಿಕೊಳ್ಳಲು ಸಡಿಲವಾಗಿ ಬಿಚ್ಚಿಕೊಳ್ಳುವುದಿಲ್ಲ. ಈತ ಬಿಡದೆ ನಡೆದಿದ್ದಾನೆ, ಈತನ ಹೃದಯ ಇನ್ನೂ ಮೆತ್ತಗಿದೆ. ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುತ್ತದೆ, ಅದಕ್ಕೇ ಸುಮ್ಮನೆ ಕೂತಾಗ ಕಡಿಮೆ ಸಲ ಬಡಿದರೂ ಸಾಕಾಗುತ್ತದೆ. ಇಷ್ಟು ಹೇಳಿ ಬೊಮ್ಮಯ್ಯನ ಬೆನ್ನು ತಟ್ಟಿದರು.

ನಾನು ಹೊರಡುವಾಗ ಅವರು ಬಾಗಿಲವರೆಗೆ ಬಂದು ಇನ್ನೂ ಏನೋ ಹೇಳಿದರು. ನನಗೆ ಹೊಟ್ಟೆ ಇನ್ನೂ ಸರಿಯಾಗಿರಲಿಲ್ಲ. ತಾಳವಾಡಿಗೆ ಹೋಗುವ ಬಸ್ಸಿನ ಹೊತ್ತಾಗಿತ್ತು. ಸರಿ ಸಾರ್, ಸರಿ ಸಾರ್ ಎನ್ನುತ್ತ ತಲೆಯಾಡಿಸಿಕೊಂಡು ಬಂದೆ. ಅವರು ಹೇಳಿದ್ದು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮರುದಿನದ ಹೊತ್ತಿಗೆ ಈ ಸುದ್ದಿ ಊರೆಲ್ಲ ಹಬ್ಬಿತ್ತು. ಬೊಮ್ಮಯ್ಯನೇ ಟೀ ಅಂಗಡಿಯಲ್ಲಿ ಕೂತು, ದೊಡ್ಡ ಡಾಕ್ಟರು ನನ್ನ ಎದೆ ಮೆಚ್ಚಿ ಬೆನ್ನು ತಟ್ಟಿದರು ಎಂದು ಸಾರಿದ್ದ. ಅಲ್ಲಿಂದ ‘ಬೊಮ್ಮಯ್ಯನ ಎದೆ’ ಎನ್ನುವುದು ನಮ್ಮ ಕಡೆ ಒಂದು ಮಾತೇ ಆಗಿಹೋಯಿತು. ಮೂಟೆ ಹೊತ್ತು ಏದುಸಿರು ಬಿಡದವನನ್ನು ಕಂಡರೆ, ಇವನದು ಬೊಮ್ಮಯ್ಯನ ಎದೆ ಎನ್ನುವರು. ಬಿಪಿ ನೋಡಿಸಿಕೊಳ್ಳಲು ಬಂದ ಮುದುಕರು, ನಂದೂ ಬೊಮ್ಮಯ್ಯನ ಎದೆಯೇ ನೋಡಿ ನರ್ಸಮ್ಮ ಎಂದು ಕೈ ಚಾಚುವರು. ನನಗೂ ಅದು ಹಿಡಿಸಿತು. ನನ್ನ ಪೆದ್ದುತನದಿಂದ ಹುಟ್ಟಿದ ಮಾತು ನನಗೇ ಗೌರವ ತಂದುಕೊಟ್ಟರೆ ಯಾರು ಬೇಡ ಎನ್ನುತ್ತಾರೆ?

ಅದಾದ ಕೆಲವು ವರ್ಷಕ್ಕೆ ನಮ್ಮ ಡಾಕ್ಟರಮ್ಮ ಒಂದು ಹೊಸ ಕ್ರಮ ತಂದರು. ಇವರು ಘಾಟಿಯ ಕೆಳಗಿನ ತಮಿಳರು, ಕನ್ನಡ ಅಷ್ಟಕ್ಕಷ್ಟೇ. ಕೋಪಿಷ್ಠೆಯಾದರೂ ಕೆಲಸದಲ್ಲಿ ಅಚ್ಚುಕಟ್ಟು. ಅರವತ್ತು ದಾಟಿದ ಬಿಪಿಯವರು, ಶುಗರಿನವರು ಎಲ್ಲರೂ ದಿನಾ ಅರ್ಧ ಗಂಟೆ ನಡೆಯಬೇಕು, ಅದನ್ನು ನಾನು ಹಳ್ಳಿಹಳ್ಳಿಗೆ ಹೋಗಿ ಹೇಳಬೇಕು. ಕಬ್ಬಿನ ಗದ್ದೆಯಲ್ಲಿ ಇಡೀ ದಿನ ಬಗ್ಗಿ ಎದ್ದವರಿಗೆ ನಡೆಯಿರಿ ಎಂದು ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ. ಆದರೆ ಗಾಡಿ ಬಂದ ಮೇಲೆ ನಡಿಗೆ ಬಿಟ್ಟವರೂ ಇದ್ದರು. ಅವರಲ್ಲೊಬ್ಬರು ಪಣಕಹಳ್ಳಿಯ ಮಲ್ಲಪ್ಪನವರು, ಎಪ್ಪತ್ತರ ಯಜಮಾನರು. ಮಗ್ಗುಲ ಬೀದಿಯ ದೇವಸ್ಥಾನಕ್ಕೂ ಮೊಮ್ಮಗನ ಬೈಕಿನ ಹಿಂದೆ ಕೂತೇ ಹೋಗುವವರು. ನಾಲ್ಕು ಮೆಟ್ಟಿಲು ಹತ್ತಿದರೆ ಕಂಬ ಹಿಡಿದು ನಿಲ್ಲುತ್ತಿದ್ದರು.

ನನ್ನ ಕಾಟಕ್ಕೆ ಅವರು ನಡೆಯಲು ಶುರು ಮಾಡಿದರು. ಮೂರನೇ ದಿನವೇ ಬಂದು ಜಗಳ ಮಾಡಿದರು. ಕೆಲಸವಿಲ್ಲದೆ ಯಜಮಾನ ರಸ್ತೆಯಲ್ಲಿ ನಡೆಯುವುದನ್ನು ಊರು ಎಂದಾದರೂ ಕಂಡಿತ್ತೇ? ದಾರಿಯಲ್ಲಿ ಸಿಕ್ಕವರೆಲ್ಲ ಗಾಡಿ ನಿಲ್ಲಿಸಿ ಹತ್ತಿ ಎನ್ನುತ್ತಿದ್ದರಂತೆ. ಹತ್ತದಿದ್ದರೆ, ಮನೆಯಲ್ಲಿ ಮಗನ ಕೂಡ ಮನಸ್ತಾಪ ಮಾಡಿಕೊಂಡು ಹೊರಟಿದ್ದಾರೆ ಎಂದು ಸುದ್ದಿ ಹಬ್ಬಿತಂತೆ. ಒಬ್ಬರು ರಾಜಿ ಮಾಡಿಸಲು ಮನೆಗೇ ಬಂದಿದ್ದರಂತೆ. ಕೈಯಲ್ಲಿ ಒಂದು ಕುಡುಗೋಲು ಹಿಡಿದುಕೊಳ್ಳಿ, ಮೇವಿಗೆ ಹೊರಟಿದ್ದೀರಿ ಎಂದುಕೊಳ್ಳುತ್ತಾರೆ ಎಂದು ನಾನು ಉಪಾಯ ಹೇಳಿದೆ. ಅಲ್ಲಿಂದ ಅವರು ಕುಡುಗೋಲು ಹಿಡಿದು ದಿನಾ ನಡೆದರು. ಒಂದು ಎಸಳು ಹುಲ್ಲನ್ನೂ ಕೊಯ್ದವರಲ್ಲ. ಮೊದಲು ಬೇಲಿಯವರೆಗೆ, ಆಮೇಲೆ ಕೆರೆಯವರೆಗೆ, ಆಮೇಲೆ ಕೆರೆ ಸುತ್ತಿ. ಆನೆ ಬರುವ ಹೊತ್ತು ತಪ್ಪಿಸಿ, ಬಿಸಿಲು ಬಿದ್ದ ಮೇಲೆಯೇ ಹೊರಡುತ್ತಿದ್ದರು. ಆರು ತಿಂಗಳಿಗೆ ಮೆಟ್ಟಿಲಿನ ಕಂಬ ಬಿಟ್ಟರು. ಎಪ್ಪತ್ತಕ್ಕೆ ಶುರು ಮಾಡಿದರೆ ಹೃದಯ ಹೊಸದಾಗುವುದಿಲ್ಲ ಎಂದು ಡಾಕ್ಟರಮ್ಮ ಹೇಳುತ್ತಿದ್ದರು. ಕಾಲು ಪಳಗಿದರೆ ಹೃದಯದ ಹೊರೆ ಹಗುರವಾಗುತ್ತದೆ, ಅಷ್ಟಾದರೂ ಲಾಭವೇ ಎನ್ನುತ್ತಿದ್ದರು. ಮಲ್ಲಪ್ಪನವರ ಕೂತ ನಾಡಿ ಎಂಬತ್ತೆಂಟರಿಂದ ಎಪ್ಪತ್ತಕ್ಕೆ ಬಂದದ್ದನ್ನು ನಾನೇ ಎಣಿಸಿದ್ದೇನೆ.

ಹೀಗೆ ನನ್ನ ಬುದ್ಧಿಯಲ್ಲಿ ಒಂದು ಲೆಕ್ಕ ಗಟ್ಟಿಯಾಯಿತು: ನಡೆದವರ ನಾಡಿ ನಿಧಾನ, ನಿಧಾನವಾದದ್ದು ಒಳ್ಳೆಯದು. ಅರ್ಧ ಸತ್ಯ. ಪೂರ್ತಿ ಸುಳ್ಳಾದರೆ ಯಾರಾದರೂ ಹಿಡಿಯುತ್ತಾರೆ. ಅರ್ಧ ಸತ್ಯವನ್ನು ಯಾರೂ ಹಿಡಿಯುವುದಿಲ್ಲ.

ಚಿಕ್ಕತಾಯಿ ಪಣಕಹಳ್ಳಿಯ ಕೂಲಿಯವಳು. ನಮ್ಮಪ್ಪನೂ ಕೂಲಿ ಮಾಡಿದವನೇ ಆದ್ದರಿಂದ ಅವಳ ಮನೆಯಲ್ಲಿ ನನಗೆ ಬಳಕೆ ಹೆಚ್ಚು. ಅವಳಿಗೆ ಅರವತ್ತೈದರ ಆಸುಪಾಸು. ಗಂಡ ಜವರಯ್ಯನಿಗೆ ಅದಕ್ಕಿಂತ ನಾಲ್ಕೈದು ವರ್ಷ ಹೆಚ್ಚು, ನಾನು ಜವರಣ್ಣ ಎನ್ನುತ್ತಿದ್ದೆ. ನಾನು ಹೋದಾಗಲೆಲ್ಲ ಅವಳು ಮೊದಲು ಚೊಂಬು ನೀರು ಕೊಟ್ಟು, ಆಮೇಲೆ ನನ್ನ ಚಪ್ಪಲಿ ತಿರುಗಿಸಿ ನೋಡಿ, ಈ ಸರ್ಕಾರ ನಿನಗೊಂದು ಜೊತೆ ಮೆಟ್ಟು ಕೊಡಲಾರದಾ ಎಂದು ಬೈಯುತ್ತಿದ್ದಳು. ಹೊಲ ಎಷ್ಟು ದೂರವಿದ್ದರೂ ನಡೆದೇ ಹೋಗುವಳು, ಟೆಂಪೋ ಹತ್ತಿದರೆ ವಾಂತಿ ಎನ್ನುವಳು. ಆ ವಿಷಯದಲ್ಲಿ ನಾವಿಬ್ಬರೂ ಒಂದೇ.

ಒಂದು ಸೋಮವಾರ ಶಾಲೆಯ ಜಗಲಿಯಲ್ಲಿ ಬಿಪಿ ಕ್ಯಾಂಪು. ದೊಡ್ಡ ಸಾಲಿತ್ತು. ನಾನು ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸುತ್ತ ಬೇಗಬೇಗ ಮುಗಿಸುತ್ತಿದ್ದೆ. ಚಿಕ್ಕತಾಯಿಯ ಸರದಿ ಬಂತು. ಹತ್ತು ಬಡಿತ, ನಾಲ್ಕರಿಂದ ಗುಣಿಸಿದರೆ ನಲವತ್ತು. ನಾನು ಸಾಲಿನವರೆಲ್ಲ ಕೇಳುವ ಹಾಗೆ, ನೋಡಿ ಇವಳದು ಬೊಮ್ಮಯ್ಯನ ಎದೆ ಎಂದೆ. ಎಲ್ಲರೂ ನಕ್ಕರು. ಅವಳೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ದನಿ ತಗ್ಗಿಸಿ ಹೇಳಿದಳು:

“ಮೊನ್ನ ಕಳ ಕೀಳ್ತಾ ಇರೋವಾಗ ಗ್ಯಾನ ತಪ್ಪಿ ಬಿದ್ಬುಟ್ಟೆ ಕಣವ್ವ. ಎದ್ದು ಕೂತ್ಕಂಡ ಮ್ಯಾಕ ಏನೂ ಇಲ್ಲ.”

ಏನಾದರೂ ತಿಂದಿದ್ದೆಯಾ ಎಂದು ಕೇಳಿದೆ. ಅದೂ ಸೋಮವಾರವೇ, ಒಪ್ಪತ್ತು ಎಂದಳು. ಒಪ್ಪತ್ತು ಮಾಡಿ ಬಿಸಿಲಲ್ಲಿ ಬಗ್ಗಿದರೆ ಬೀಳದೆ ಇನ್ನೇನು ಎಂದು ಗದರಿದೆ. ನಮ್ಮ ರಿಜಿಸ್ಟರೆಲ್ಲ ತಮಿಳಿನಲ್ಲಿ. ಅದರಲ್ಲಿ ‘ಮಯಕ್ಕಂ’ ಎಂದು ಬರೆದೆ. ಈ ಮಾತು ಇಲ್ಲಿ ಕೆಲಸ ಮಾಡುವ ಎಲ್ಲರಿಗೂ ಗೊತ್ತು. ತಲೆ ಸುತ್ತಿದರೂ ಮಯಕ್ಕಂ, ಕಣ್ಣು ಕತ್ತಲೆ ಬಂದರೂ ಮಯಕ್ಕಂ, ಪೂರ್ತಿ ಪ್ರಜ್ಞೆ ಹೋಗಿ ನೆಲಕ್ಕೆ ಬಿದ್ದರೂ ಮಯಕ್ಕಂ. ನಮ್ಮವರು ಕನ್ನಡದಲ್ಲಿ ಬಗೆಬಗೆಯಾಗಿ ಹೇಳುವುದನ್ನು ನಾನು ಒಂದೇ ಮಾತಿಗೆ ತುರುಕಿ ಎಷ್ಟೋ ಪುಟ ತುಂಬಿಸಿದ್ದೇನೆ. ಡಾಕ್ಟರಮ್ಮ ಆ ಪುಟ ನೋಡಿ, ರಕ್ತ ಕಡಿಮೆ ಇರಬೇಕು ಎಂದು ಕಬ್ಬಿಣದ ಮಾತ್ರೆ ಬರೆದರು. ಅವರು ಓದಿದ್ದು ನಾನು ಬರೆದದ್ದನ್ನು. ಚಿಕ್ಕತಾಯಿ ಹೇಳಿದ್ದನ್ನಲ್ಲ.

ಎರಡು ತಿಂಗಳ ಮೇಲೆ ಮತ್ತೆ ಬಂದಳು. ಮೊಣಕೈ ತರಚಿತ್ತು. ಮತ್ತೆ ಬಿದ್ದೆ ಎಂದಳು. ಈ ಸಲ ಬಿದ್ದದ್ದು ಸೋಮವಾರವಲ್ಲ. ಅದನ್ನು ನಾನು ಗಮನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಗಮನಿಸಿದೆ, ಬಿಟ್ಟೆ. ನಾಡಿ ಮೂವತ್ತಾರು. ಗಾಯಕ್ಕೆ ಔಷಧಿ ಹಚ್ಚಿ, ಮಾತ್ರೆ ನುಂಗುತ್ತಿದ್ದೀಯಾ ಎಂದು ಕೇಳಿ, ಮತ್ತೆ ಮಯಕ್ಕಂ ಎಂದು ಬರೆದೆ. ಕೆಲಸ ಸ್ವಲ್ಪ ಕಡಿಮೆ ಮಾಡಲಾ ಎಂದು ಅವಳೇ ಕೇಳಿದಳು. ಎದೆ ಗಟ್ಟಿಯಾಗಿದೆ, ನಡೆಯುವುದನ್ನು ಮಾತ್ರ ಬಿಡಬೇಡ ಎಂದೆ.

ಮೆಕ್ಕೆಜೋಳ ಮುರಿಯುವ ಕಾಲದಲ್ಲಿ, ಬೆಳಿಗ್ಗೆ ಹೊಲಕ್ಕೆ ಹೋಗುವ ಹಾದಿಯಲ್ಲಿ ಚಿಕ್ಕತಾಯಿ ಸತ್ತಳು. ಹೆಂಗಸರ ಸಾಲಿನಲ್ಲಿ ಕೊನೆಗೆ ನಡೆಯುತ್ತಿದ್ದಳಂತೆ. ಮುಂದಿನವರು ಏನೋ ಕೇಳಿ ಉತ್ತರ ಬಾರದೆ ತಿರುಗಿ ನೋಡಿದರೆ ಬದುವಿನ ಮೇಲೆ ಬೋರಲು ಬಿದ್ದಿದ್ದಳು. ಒಂದು ಕೂಗೂ ಇಲ್ಲ. ನಾನು ಹೋಗುವ ಹೊತ್ತಿಗೆ ಮನೆಯ ಮುಂದೆ ಮಲಗಿಸಿದ್ದರು. ನಾನು ಕೂತು ಅವಳ ಕೈ ಹಿಡಿದುಕೊಂಡೆ. ಅಭ್ಯಾಸದಿಂದ ಬೆರಳು ನಾಡಿಯ ಜಾಗಕ್ಕೇ ಹೋಯಿತು. ಆಗ ನಾನು ಬಹಳ ಅತ್ತೆ. ಜವರಣ್ಣನೇ ನನ್ನನ್ನು ಸಮಾಧಾನ ಮಾಡಿದರು. ನೀವು ಅಷ್ಟು ಜನರ ಮುಂದೆ ಅವಳ ಎದೆ ಹೊಗಳಿದಿರಿ, ಯಾರದೋ ಕಣ್ಣು ಬಿತ್ತು ಎಂದರು.

ಮರುವಾರ ಡಾಕ್ಟರಮ್ಮ ಸತ್ತವರ ಪಟ್ಟಿ ಹಿಡಿದು ರಿಜಿಸ್ಟರ್ ತೆಗೆಸಿದರು. ಚಿಕ್ಕತಾಯಿಯ ಸಾಲಿನ ಮೇಲೆ ಬೆರಳಿಟ್ಟರು. ನಲವತ್ತು, ಮೂವತ್ತಾರು. ಎರಡು ಸಲ ಮಯಕ್ಕಂ. ಇದು ಬರಿಯ ತಲೆ ಸುತ್ತೋ, ಪ್ರಜ್ಞೆ ತಪ್ಪಿ ಬಿದ್ದಿದ್ದಳೋ ಎಂದು ಕೇಳಿದರು. ಪ್ರಜ್ಞೆ ತಪ್ಪಿದ್ದರೆ ಮಾತೇ ಬೇರೆ, ಹೃದಯಕ್ಕೆ ಬಡಿ ಎಂದು ಹೇಳುವ ತಂತು ಒಳಗೇ ಕಡಿದುಹೋಗಿರಬಹುದು, ಇಸಿಜಿ ತೆಗೆದಿದ್ದರೆ ಗೊತ್ತಾಗುತ್ತಿತ್ತು, ಎದೆಯೊಳಗೆ ಒಂದು ಸಣ್ಣ ಯಂತ್ರ ಇಟ್ಟು ಬದುಕಿಸಬಹುದಿತ್ತು ಎಂದರು.

ಆ ಕ್ಷಣದಲ್ಲಿ ಸತ್ಯಮಂಗಲದ ಆ ಡಾಕ್ಟರು ಬಾಗಿಲಲ್ಲಿ ನಿಂತು ಹೇಳಿದ್ದೆಲ್ಲ ಅಕ್ಷರ ಅಕ್ಷರ ನೆನಪಾಯಿತು. ನಿಧಾನ ನಾಡಿಯೆಲ್ಲ ಇಂಥದಲ್ಲಮ್ಮ, ನಡೆಸಿ ನೋಡು. ನಡೆದಾಗ ಏರಿದರೆ ಪಳಗಿದ ಹೃದಯ. ಏರದೆ ಅಷ್ಟಕ್ಕೇ ನಿಂತರೆ ರೋಗ, ಕೂಡಲೇ ಕಳಿಸು. ಪ್ರಜ್ಞೆ ತಪ್ಪಿ ಬಿದ್ದವರಾದರೆ ನಡೆಸಿ ನೋಡಲೂ ಹೋಗಬೇಡ. ಇಷ್ಟು ಚಿಕ್ಕ ಮಾತು. ನಾನು ಬಸ್ಸಿನ ಯೋಚನೆಯಲ್ಲಿದ್ದೆ.

ಡಾಕ್ಟರಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. ತಲೆ ಸುತ್ತು ಅಷ್ಟೇ ಮೇಡಂ ಎಂದೆ. ಅವರು ಪುಟ ಮಗುಚಿದರು.

ಆಮೇಲೆ ನಾನು ಕೆಲಸದ ಕ್ರಮವನ್ನೇ ಬದಲಿಸಿದೆ. ಈಗ ಬೆರಳಿಗೆ ಸಿಕ್ಕಿಸುವ ಯಂತ್ರ ಬಂದಿದೆ, ಅಂಕಿ ತಾನೇ ತೋರಿಸುತ್ತದೆ. ಆದರೂ ಅರವತ್ತು ದಾಟಿದವರ ಕೈಯನ್ನು ನಾನು ಒಂದು ನಿಮಿಷ ಪೂರ್ತಿ ಹಿಡಿಯುತ್ತಿದ್ದೆ. ಐವತ್ತಕ್ಕಿಂತ ಕಡಿಮೆ ಇದ್ದರೆ ಮೊದಲು, ಎಂದಾದರೂ ಬಿದ್ದದ್ದುಂಟೇ ಎಂದು ಕೇಳುವುದು. ಇಲ್ಲವೆಂದರೆ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಸಿ ಮತ್ತೆ ಎಣಿಸುವುದು. ನರ್ಸಮ್ಮನಿಗೆ ವಯಸ್ಸಾಯಿತು, ಲೆಕ್ಕ ಮರೆತು ಎರಡೆರಡು ಸಲ ಎಣಿಸುತ್ತಾಳೆ ಎಂದು ಸಾಲಿನಲ್ಲಿ ಗೊಣಗುತ್ತಿದ್ದರು, ಗೊಣಗಲಿ. ರಿಜಿಸ್ಟರಿನಲ್ಲಿ ತಮಿಳಿನ ಪಕ್ಕದಲ್ಲೇ ರೋಗಿ ಹೇಳಿದ ಮಾತನ್ನು ಹಾಗೆಹಾಗೇ ಬರೆಯಲು ಶುರು ಮಾಡಿದೆ: ಗ್ಯಾನ ತಪ್ಪಿತು, ಕಣ್ಣು ಕತ್ತಲೆ ಬಂತು, ತಲೆ ತಿರುಗಿತು. ಹೀಗೆ ಕೆಳಗೆ ಸತ್ಯಮಂಗಲಕ್ಕೆ ಕಳಿಸಿದವರಲ್ಲಿ ಇಬ್ಬರು ಎದೆಯಲ್ಲಿ ಯಂತ್ರ ಇಡಿಸಿಕೊಂಡು ಬಂದು ಈಗಲೂ ಚೆನ್ನಾಗಿದ್ದಾರೆ, ದಿನಾ ನಡೆಯುತ್ತಾರೆ. ಅವರನ್ನು ಕಂಡಾಗ ಸಂತೋಷವಾಗುತ್ತದೆ. ಆ ಸಂತೋಷದ ಹಿಂದೆಯೇ ಚಿಕ್ಕತಾಯಿ ನೆನಪಾಗುತ್ತಾಳೆ. ನಡೆಯಬೇಡಿ ಎಂದು ಮಾತ್ರ ನಾನು ಯಾರಿಗೂ ಹೇಳಿಲ್ಲ. ನಡಿಗೆ ಚಿಕ್ಕತಾಯಿಯನ್ನು ಕೊಲ್ಲಲಿಲ್ಲ. ಅವಳ ಕಾಯಿಲೆಯನ್ನು ನಾನು ನಡಿಗೆಯ ಲೆಕ್ಕಕ್ಕೆ ಹಾಕಿದೆ.

ಜವರಣ್ಣನ ಮನೆಗೆ ಹೋಗುವುದನ್ನು ನಾನು ಬಿಡಲಿಲ್ಲ. ಚಿಕ್ಕತಾಯಿ ಇಲ್ಲದಿದ್ದರೂ ಆ ಚೊಂಬು ನೀರು ತಪ್ಪಲಿಲ್ಲ. ಅವರೆಕಾಯಿ ಕಾಲದಲ್ಲಿ ಒಂದು ಚೀಲ ಕಾಯಿ ನನಗೆಂದೇ ಎತ್ತಿಟ್ಟಿರುತ್ತಿದ್ದರು. ನಮ್ಮವಳ ಎದೆ ಗಟ್ಟಿ ಎಂದು ಬಾಯಿ ತುಂಬ ಹೇಳಿದವರು ನೀವೊಬ್ಬರೇ, ಅವಳು ಆ ಮಾತನ್ನು ಕಂಡವರಿಗೆಲ್ಲ ಹೇಳಿಕೊಂಡು ಹಿಗ್ಗಿದಳು ಎನ್ನುತ್ತಿದ್ದರು. ನಾನು ಆ ನೀರು ಕುಡಿದೆ, ಆ ಕಾಯಿ ತಿಂದೆ. ಏಳು ವರ್ಷ.

ರಿಟೈರ್ ಆದ ಮೇಲೆ ಇದನ್ನು ಬರೆಯಬೇಕೆಂದು ಮನಸ್ಸಾದಾಗ, ಕಾಗದಕ್ಕೆ ಹೇಳುವ ಮುಂಚೆ ಹೇಳಬೇಕಾದವರಿಗೆ ಹೇಳಬೇಕು ಎನ್ನಿಸಿತು. ಕಳೆದ ತಿಂಗಳು ಪಣಕಹಳ್ಳಿಗೆ ಹೋದೆ. ಜವರಣ್ಣ ಜಗಲಿಯಲ್ಲಿ ಕೂತು ರಾಗಿ ಕೇರುತ್ತಿದ್ದರು. ನೀರು ಬೇಡ ಎಂದು ಕೂತು ಎಲ್ಲವನ್ನೂ ಹೇಳಿದೆ. ಬೊಮ್ಮಯ್ಯನ ಎದೆ ಬೇರೆ, ಚಿಕ್ಕತಾಯಿಯದು ಬೇರೆಯಾಗಿತ್ತು ಎಂದೆ. ಅವಳು ಗ್ಯಾನ ತಪ್ಪಿತು ಎಂದು ಹೇಳಿದರೂ ನಾನು ಅದನ್ನು ಹಾಗೆ ಬರೆಯಲಿಲ್ಲ, ಡಾಕ್ಟರಮ್ಮ ಕೇಳಿದಾಗ ಸುಳ್ಳು ಹೇಳಿದೆ ಎಂದೆ. ಕೆಳಗೆ ಕಳಿಸಿದ್ದರೆ ಬಹುಶಃ ಉಳಿಯುತ್ತಿದ್ದಳು ಎಂದೂ ಹೇಳಿದೆ. ಬಹುಶಃ ಎಂಬ ಮಾತಿನ ಹಿಂದೆ ಅವಿತುಕೊಳ್ಳುವ ಆಸೆ ಆಗಲೂ ಇತ್ತು.

ಅವರು ಮೊರ ಕೆಳಗಿಟ್ಟರು. ನನ್ನ ಕಡೆ ನೋಡದೆ, ರಸ್ತೆ ನೋಡುತ್ತ ಹೇಳಿದರು:

“ಅವತ್ತು ಒಲಕ್ಕ ಒಂಟಾಗ ಅವ್ಳ ಮಕ ಬೆಳ್ಳಗಾಗಿತ್ತು. ನಾ ತಡದೆ ಕಣವ್ವ. ಒಂದಿನ ಒಲಕ್ಕ ಓಗ್ಬ್ಯಾಡ, ಮನಗಿಕೊ ಅಂದೆ. ನರ್ಸಮ್ಮನೇ ನಡೀಬೇಕು ಅಂದವ್ರ, ನಿಂಗೇನು ಗೊತ್ತು ಅಂದ್ಲು. ನಿಮ್ ಮಾತ್ನ ಮುಂದ ನನ್ ಮಾತು ಯಾತಕ್ಕಾದದು ಅಂದ್ಬುಟ್ಟು ಸುಮ್ಮನಾದೆ.”

ತಪ್ಪಾಯಿತು ಎಂದು ಹೇಳಿದೆನೋ, ಹೇಳಿದ ಹಾಗೆ ಅಂದುಕೊಂಡೆನೋ ಈಗಲೂ ತಿಳಿಯದು. ಅವರು ಬೈಯಲಿಲ್ಲ. ಬೈದಿದ್ದರೆ ಅಲ್ಲೇ ಕೂತು ಕೇಳುತ್ತಿದ್ದೆ. ಮೊರ ಎತ್ತಿಕೊಂಡು ಮತ್ತೆ ಕೇರಲು ಶುರು ಮಾಡಿದರು. ನಾನು ಎದ್ದು ಚಪ್ಪಲಿ ಮೆಟ್ಟಿ, ಬರುತ್ತೇನೆ ಜವರಣ್ಣ ಎಂದೆ.

“ಓಗಿ” ಎಂದರು.

ನಮ್ಮ ಕಡೆ ಬಾಗಿಲಿಗೆ ಬಂದ ಭಿಕ್ಷುಕನಿಗೂ ಹೋಗಿ ಬಾ ಎನ್ನುತ್ತಾರೆ. ನಾನು ಬೀದಿಯ ತಿರುವಿನವರೆಗೆ ನಿಧಾನವಾಗಿ ನಡೆದೆ. ಅವರು ಬನ್ನಿ ಎನ್ನಲಿಲ್ಲ.